ಲವ್‌ಡೇಲಿನ ದಾದಿ ತರಬೇತಿ

ದಕ್ಷಿಣ ಆಫ್ರಿಕಾದ ಕೇಪ್ ವಸಾಹತು 1891ರಲ್ಲೇ ಕಾನೂನು ಮಾಡಿ ದಾದಿಯರ ನೋಂದಣಿ ಆರಂಭಿಸಿತು. ಜಗತ್ತಿನಲ್ಲಿ ಅದೇ ಮೊದಲು. ಆ ಪಟ್ಟಿಯಲ್ಲಿ ಕಪ್ಪು ಮಹಿಳೆಯೊಬ್ಬರ ಹೆಸರು ಸೇರಲು ಮಾತ್ರ 1908ರ ಜನವರಿಯವರೆಗೆ ಕಾಯಬೇಕಾಯಿತು. ಅವರು ಸಿಸಿಲಿಯಾ ಮಕಿವಾನೆ, ಲವ್‌ಡೇಲ್ ಮಿಷನ್ನಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಕಲಿತವರು. ಸ್ಥಳೀಯರಿಗೆಂದೇ ಒಂದು ಕೆಳದರ್ಜೆಯ ಪ್ರಮಾಣಪತ್ರ ಹೊಂದಿಸಿಕೊಟ್ಟು ಕೈತೊಳೆದುಕೊಳ್ಳುವುದು ಆ ಕಾಲದಲ್ಲಿ ಬಹಳ ಸುಲಭವಿತ್ತು. ಲವ್‌ಡೇಲ್ ಹಾಗೆ ಮಾಡದೆ, ತನ್ನ ವಿದ್ಯಾರ್ಥಿನಿಯನ್ನು ವಸಾಹತಿನ ವೈದ್ಯಕೀಯ ಮಂಡಳಿಯ ಪರೀಕ್ಷೆಗೇ ಸಿದ್ಧಪಡಿಸಿತು. ಈ ತರಬೇತಿಯ ನಿಜವಾದ ಹಿರಿಮೆ ಇಲ್ಲಿದೆ ಎಂದು ನನ್ನ ನಂಬಿಕೆ.

ನಾಟಿ ವೈದ್ಯವನ್ನು ಮೂಢನಂಬಿಕೆಯೆಂದು ತಳ್ಳುವ ಮಿಷನರಿ ಧೋರಣೆ ಆ ಶಿಕ್ಷಣದಲ್ಲಿತ್ತು, ಆಳುವವರಿಗೆ ಅಗ್ಗದ ಕೈಗಳೂ ಬೇಕಿದ್ದವು ಎಂದು ಯಾರಾದರೂ ಆಕ್ಷೇಪಿಸಿದರೆ ಅಲ್ಲಗಳೆಯಲಾರೆ. ಆದರೆ ಕಲಿಸಿದವರ ಉದ್ದೇಶ ಕಲಿತವರ ವಿದ್ಯೆಯನ್ನು ಕಟ್ಟಿಹಾಕಲಾರದು. ಜ್ವರದ ಏರಿಳಿತ ಗುರುತಿಸುವುದು, ಗಾಯವನ್ನು ಕೀವಾಗದಂತೆ ಕಟ್ಟುವುದು, ಭಯಗೊಂಡ ರೋಗಿಗೆ ಅವನದೇ ಕೋಸಾ ಭಾಷೆಯಲ್ಲಿ ಧೈರ್ಯ ಹೇಳುವುದು: ಈ ಕೊನೆಯದನ್ನಂತೂ ಹಡಗಿನಿಂದ ಇಳಿದುಬಂದ ದಾದಿಗೆ ಅಷ್ಟು ಸಹಜವಾಗಿ ಮಾಡಲಾಗುತ್ತಿರಲಿಲ್ಲ. ಒಬ್ಬರು ತೇರ್ಗಡೆಯಾದರೆ ವ್ಯವಸ್ಥೆ ಬದಲಾದೀತೇ ಎಂಬ ಪ್ರಶ್ನೆಯೂ ಇದೆ. ವರ್ಣಭೇದ ಅಳಿಯಲಿಲ್ಲ, ನಿಜ; ಆದರೆ ಕಪ್ಪು ಹೆಣ್ಣಿಗೆ ಈ ವಿದ್ಯೆ ಒಗ್ಗದು ಎಂಬ ವಾದಕ್ಕೆ ಸರ್ಕಾರದ ದಾಖಲೆಯೇ ಎದುರುಸಾಕ್ಷಿಯಾಗಿ ನಿಂತಿತು.