ಕಲಿತ ಕನ್ನಡದ ಕತೆಗಾರ್ತಿ

2025ರ ಮೇ 21ರ ಬೆಳಿಗ್ಗೆ ನಮ್ಮ ಆಫೀಸಿನ ವಾಟ್ಸಾಪ್ ಗುಂಪಿಗೆ ಬಾನು ಮುಷ್ತಾಕ್ ಫೋಟೊ ಬಂತು. ಹಿಂದಿನ ರಾತ್ರಿ ಲಂಡನ್ನಿನಲ್ಲಿ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬುಕರ್ ಘೋಷಣೆ ಆಗಿತ್ತು. ಕನ್ನಡದ ಪುಸ್ತಕವೊಂದಕ್ಕೆ ಈ ಪ್ರಶಸ್ತಿ ಬಂದದ್ದು ಅದೇ ಮೊದಲು, ಸಣ್ಣಕತೆಗಳ ಸಂಕಲನಕ್ಕೆ ಬಂದದ್ದೂ ಅದೇ ಮೊದಲು. ಊಟದ ಹೊತ್ತಿಗೆ ಪಕ್ಕದ ಸೀಟಿನ ಗೆಳೆಯ ಬಂದು, “ಟೀಮಲ್ಲಿ ಕನ್ನಡ ಪುಸ್ತಕ ಓದೋನು ನೀನೊಬ್ಬನೇ. ಇವರದ್ದು ಯಾವುದರಿಂದ ಶುರು ಮಾಡ್ಲಿ ಹೇಳು” ಅಂದ. ನಾನು ಕಾಲೇಜಿನಲ್ಲಿ ಅವರ ಒಂದೇ ಒಂದು ಕತೆ ಓದಿದ್ದೆ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ನೋಡಿದ್ದೆ. ಅಷ್ಟೇ. “ಎಲ್ಲಾ ಚೆನ್ನಾಗಿವೆ” ಅಂತ ಹೇಳಿ ತಪ್ಪಿಸಿಕೊಂಡೆ.

ಆ ಸುಳ್ಳಿನ ಮುಜುಗರಕ್ಕೆ ಆ ಮಳೆಗಾಲವೆಲ್ಲ ಕೂತು ಓದಿದೆ. ಮೊದಲು ಸಿಕ್ಕಷ್ಟು ಕನ್ನಡದಲ್ಲಿ, ಆಮೇಲೆ ದೀಪಾ ಭಾಸ್ತಿಯವರ ಇಂಗ್ಲಿಷ್‌ನಲ್ಲಿ. ಓದುತ್ತಾ ಹೋದಂತೆ ಪತ್ರಿಕೆಗಳಲ್ಲಿ ಬರುತ್ತಿದ್ದ “ಮುಸ್ಲಿಂ ಮಹಿಳೆಯರ ದನಿ” ಅನ್ನೋ ಮಾತು ನನಗೆ ಸಾಲದು ಅನ್ನಿಸತೊಡಗಿತು. ಅದು ಸುಳ್ಳಲ್ಲ. ಆದರೆ ಒಂದು ವಿಷಯ ಅದರೊಳಗೆ ಮುಚ್ಚಿಹೋಗುತ್ತೆ. ಅದನ್ನ ಹೇಳೋಕೆ ಸ್ವಲ್ಪ ನಮ್ಮೂರ ಕಡೆ ಹೋಗಿಬರಬೇಕು.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ. ಮನೆಯಲ್ಲಿ ತೆಲುಗು. ಅಮ್ಮ ಬೈಯೋದು, ದೇವರಿಗೆ ಕೈ ಮುಗಿಯೋದು, ರೇಷ್ಮೆ ಹುಳ ಜ್ವರಕ್ಕೆ ಕೂತಾಗ “ಸದ್ದು ಮಾಡಬೇಡ್ರೋ” ಅನ್ನೋದು ಎಲ್ಲ ತೆಲುಗಲ್ಲೇ. ಗೂಡು ತುಂಬಿದ ಮೂಟೆ ಹೊತ್ತು ಅಪ್ಪನ ಜೊತೆ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಹೋದರೆ ಅಲ್ಲಿ ರೀಲರ್‌ಗಳ ದಖ್ಖನಿ: ನಕೊ, ಹೌ, ಕೈಕು. ಕನ್ನಡ ಇದ್ದದ್ದು ಇಸ್ಕೂಲಲ್ಲಿ, ಬಸ್ಸಿನ ಬೋರ್ಡಲ್ಲಿ, ಪಹಣಿಯಲ್ಲಿ. ಅಂದ್ರೆ ನಮಗೆ ಕನ್ನಡ ಅನ್ನೋದು ಹಾಲಿನ ಜೊತೆ ಬಂದದ್ದಲ್ಲ, ಸ್ಲೇಟಿನ ಜೊತೆ ಬಂದದ್ದು. ಬೆಂಗಳೂರಿಗೆ ಬಂದ ಹೊಸದರಲ್ಲಿ ನನ್ನ ಕನ್ನಡ ಕೇಳಿ “ನೀವು ಆಂಧ್ರದವ್ರಾ?” ಅಂತ ಕೇಳಿದವರು ಎಷ್ಟೋ ಜನ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಕಡೆಯಿಂದ ಬಂದು ಇದನ್ನ ಓದ್ತಿರೋರಿಗೆ ಈ ಪ್ರಶ್ನೆ ಹೊಸದೇನಲ್ಲ.

ಬಾನು ಮುಷ್ತಾಕ್ ಹುಟ್ಟಿದ್ದು 1948ರಲ್ಲಿ, ಹಾಸನದಲ್ಲಿ. ಮನೆಮಾತು ದಖ್ಖನಿ ಉರ್ದು. ಅಪ್ಪ ಆರೋಗ್ಯ ಇಲಾಖೆಯ ನೌಕರರು. ಎಂಟು ವರ್ಷದ ಮಗಳನ್ನ ಅವರು ಶಿವಮೊಗ್ಗದಲ್ಲಿ ಕನ್ನಡ ಮಾಧ್ಯಮದ ಕಾನ್ವೆಂಟಿಗೆ ಸೇರಿಸೋಕೆ ಕರೆದುಕೊಂಡು ಹೋದಾಗ ಒಂದು ಷರತ್ತು ಬಂತಂತೆ: ಆರು ತಿಂಗಳಲ್ಲಿ ಹುಡುಗಿ ಕನ್ನಡ ಓದಿ ಬರೆಯೋದು ಕಲಿಯಬೇಕು. ಹುಡುಗಿ ಕೆಲವೇ ದಿನಗಳಲ್ಲಿ ಕಲಿತಳು. ಈ ಪ್ರಸಂಗವನ್ನ ಎಲ್ಲರೂ ಜಾಣತನದ ಕತೆಯಾಗಿ ಹೇಳ್ತಾರೆ. ನನಗೆ ಕಾಣೋದು ಆ ಷರತ್ತು. ಷರತ್ತಿನ ಮೇಲೆ ಕಲಿತ ಭಾಷೆಯನ್ನ ಯಾರೂ ಸುಮ್ಮನೆ ಬಳಸಲ್ಲ. ಒಂದೊಂದು ಪದವನ್ನೂ ತಿರುಗಿಸಿ ನೋಡಿಯೇ ಬಳಸ್ತಾರೆ.

ಬಾನು ಅವರಿಗೆ ಪ್ರಶಸ್ತಿ ಬಂದ ಒಂದು ವಾರಕ್ಕೆ, ಮೇ 28ರಂದು, ಕೀನ್ಯಾದ ಗೂಗಿ ವಾ ಥಿಯಾಂಗೊ ತೀರಿಕೊಂಡರು. ಇಂಗ್ಲಿಷ್‌ನಲ್ಲಿ ಹೆಸರು ಮಾಡಿ, ಆಮೇಲೆ ಅದನ್ನ ಬಿಟ್ಟು, ತಾಯಿಭಾಷೆ ಗಿಕುಯುವಿನಲ್ಲೇ ಕಾದಂಬರಿ ನಾಟಕ ಬರೀತೀನಿ ಅಂತ ಹಟ ಹಿಡಿದವರು. ಅದೇ ಇಂಟರ್‌ನ್ಯಾಷನಲ್ ಬುಕರ್‌ನ 2021ರ ಉದ್ದಪಟ್ಟಿಯಲ್ಲಿ ಅವರ ಗಿಕುಯು ಕಾವ್ಯವೊಂದು ಇತ್ತು. ಆ ವಾರ ಇಬ್ಬರ ಬಗ್ಗೆಯೂ ಒಟ್ಟಿಗೆ ಓದುತ್ತಾ ನನಗೆ ಅನ್ನಿಸಿದ್ದು: ಗೂಗಿ ಮನೆಗೆ ವಾಪಸ್ ಹೋದರು, ಬಾನು ಮನೆಯಿಂದ ಬೀದಿಗೆ ಬಂದರು. ಗೂಗಿಯ ತರ್ಕ ಇಟ್ಟುಕೊಂಡು ನೋಡಿದರೆ ಬಾನು ಉರ್ದುವಿನಲ್ಲಿ ಬರೆಯಬೇಕಿತ್ತು. ಆದರೆ ನಮ್ಮಲ್ಲಿ ಈ ಲೆಕ್ಕ ಹಾಗೆ ನಡೆಯಲ್ಲ. ಬೇಂದ್ರೆ ಮನೆಯಲ್ಲಿ ಮರಾಠಿ, ಕಾರ್ನಾಡರ ಮನೆಯಲ್ಲಿ ಕೊಂಕಣಿ. ನಮ್ಮ ಹಳೇ ಕೋಲಾರ ಜಿಲ್ಲೆಯವರೇ ಆದ, ಸಣ್ಣಕತೆಗೆ ಕನ್ನಡದಲ್ಲಿ ಗಟ್ಟಿ ನೆಲೆ ಹಾಕಿದ ಮಾಸ್ತಿಯವರ ಮನೆಯಲ್ಲಿ ತಮಿಳು. ಅವರ ಕನ್ನಡವನ್ನ ಯಾರೂ ಪರೀಕ್ಷೆಗೆ ಹಚ್ಚಲಿಲ್ಲ ಅನ್ನೋದು ಬೇರೆ ಮಾತು.

ಕಲಿತ ಭಾಷೆಯ ಈ ಎಚ್ಚರ ಕತೆಗಳಲ್ಲಿ ಎಲ್ಲಿದೆ? ಶಾಯಿಸ್ತಾ ಮಹಲ್ ಕತೆಯ ಶುರುವನ್ನೇ ನೋಡಿ. ಹೊಸದಾಗಿ ಮದುವೆಯಾಗಿ ಬಂದ ಜೀನತ್ ಗಂಡನನ್ನ ಯಾವ ಪದದಿಂದ ಕರೆಯೋದು ಅಂತ ಯೋಚಿಸ್ತಾ ಕೂತಿದ್ದಾಳೆ. ಯಜಮಾನರು ಅಂದ್ರೆ ತಾನು ಆಳಾಗಬೇಕು. ಪತಿ, ಗಂಡ, ಒಂದೊಂದಕ್ಕೂ ಒಂದೊಂದು ತೊಡಕು. “ನಮ್ಮ ಯಜಮಾನ್ರು” ಅಂತ ದಿನಕ್ಕೆ ಇಪ್ಪತ್ತು ಸಲ ಅನ್ನೋ ಮನೆಯಲ್ಲಿ ಬೆಳೆದವರಿಗೆ ಆ ಪದ ಕಿವಿಗೆ ಬೀಳೋದೇ ಇಲ್ಲ. ಹೊರಗಿನಿಂದ ಬಂದವಳಿಗೆ ಬೀಳುತ್ತೆ. ಆ ತಮಾಷೆಯ ಪುಟ ದಾಟಿ ಮುಂದೆ ಹೋದರೆ, ಹೆಂಡತಿಗಾಗಿ ಮಹಲ್ ಕಟ್ಟಿಸ್ತೀನಿ ಅನ್ನೋ ಇಫ್ತಿಕಾರ್, ಆಕೆ ಬಾಣಂತಿಯಾಗಿ ತೀರಿಕೊಂಡ ಮೇಲೆ ಎಷ್ಟು ಬೇಗ ಇನ್ನೊಂದು ಮದುವೆಗೆ ಕೂತ ಅನ್ನೋದು ಬರುತ್ತೆ. ಮೊದಲ ಪುಟದ ಪದಗಳ ಆಟ ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಆಟವಾಗಿ ಉಳಿದಿರಲ್ಲ.

ಬದುಕಿನ ವಿವರ ಈಗ ಎಲ್ಲ ಕಡೆ ಸಿಗುತ್ತೆ, ಬೇಗ ಹೇಳಿಬಿಡ್ತೀನಿ. ಪ್ರೀತಿಸಿ ಮದುವೆ. ಮೊದಲ ಕತೆಗಳಲ್ಲೊಂದು ‘ಪ್ರಜಾಮತ’ದಲ್ಲಿ. 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಗೆ ವರದಿಗಾರಿಕೆ, ಬಂಡಾಯ ಸಾಹಿತ್ಯದ ಒಡನಾಟ, ಆಮೇಲೆ ಹಾಸನದಲ್ಲಿ ವಕೀಲಿ. ಮೊದಲ ಸಂಕಲನ ‘ಹೆಜ್ಜೆ ಮೂಡಿದ ಹಾದಿ’, ಆಮೇಲೆ ‘ಬೆಂಕಿ ಮಳೆ’, ‘ಎದೆಯ ಹಣತೆ’, ‘ಸಫೀರಾ’. 1999ರ ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಎಲ್ಲ ಲಂಡನ್ನಿಗಿಂತ ಎಷ್ಟೋ ಮೊದಲೇ ಬಂದಿದ್ದವು. ಮಸೀದಿಗೆ ಹೆಂಗಸರೂ ಹೋಗಬಹುದು ಅಂದದ್ದಕ್ಕೆ 2000ದಲ್ಲಿ ಫತ್ವಾ, ಮೂರು ತಿಂಗಳ ಬಹಿಷ್ಕಾರ, ಚಾಕು ಹಿಡಿದು ಬಂದವನೊಬ್ಬ.

ಒಂದು ವಿವರದ ಹತ್ತಿರ ಮಾತ್ರ ನಿಲ್ಲಬೇಕು. ಬಾಣಂತನದ ಖಿನ್ನತೆಯಲ್ಲಿ ಒಮ್ಮೆ ತಾನು ಬೆಂಕಿ ಹಚ್ಚಿಕೊಳ್ಳೋಕೆ ಹೊರಟಿದ್ದು, ಗಂಡ ಮಗುವನ್ನ ತಂದು ಕಾಲ ಬಳಿ ಇಟ್ಟು ತಡೆದದ್ದು, ಇದನ್ನ ಬಾನು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ‘ಎದೆಯ ಹಣತೆ’ ಕತೆಯ ಮೆಹರುನ್‌ಗೂ ಅದೇ ಗತಿ. ಗಂಡನ ಮನೆ ಬಿಟ್ಟು ತವರಿಗೆ ಬಂದರೆ ಅಣ್ಣಂದಿರು ವಾಪಸ್ ಕರೆದುಕೊಂಡು ಹೋಗಿ ಬಿಡ್ತಾರೆ. ರಾತ್ರಿ ಅವಳು ಅಂಗಳಕ್ಕೆ ಹೋಗ್ತಾಳೆ. ಆದರೆ ಕತೆಯಲ್ಲಿ ಮಗುವನ್ನ ಹೊತ್ತು ಓಡಿ ಬರೋದು ಗಂಡ ಅಲ್ಲ, ದೊಡ್ಡ ಮಗಳು ಸಲ್ಮಾ. ಈ ಬದಲಾವಣೆ ಸಣ್ಣದಲ್ಲ. ತನ್ನ ಜೀವನದಲ್ಲಿ ಗಂಡ ಕೈ ಹಿಡಿದ. ಆದರೆ ತಾನು ಕೋರ್ಟಿನಲ್ಲಿ, ವರದಿಗೆ ಹೋದ ಕೇರಿಗಳಲ್ಲಿ ಕಂಡ ಹೆಂಗಸರ ಗಂಡಂದಿರು ಹಾಗಿರಲಿಲ್ಲ. ಅವರಿಗೆ ಯಾರು ಬರ್ತಾರೆ? ಹೆಚ್ಚೆಂದರೆ ಒಂದು ಹೆಣ್ಣುಮಗು. ತನ್ನ ಅದೃಷ್ಟವನ್ನ ಪಾತ್ರಕ್ಕೆ ದಾನ ಮಾಡದೇ ಇರೋದು ದೊಡ್ಡ ಪ್ರಾಮಾಣಿಕತೆ ಅಂತ ನಾನಂತೂ ಅಂದುಕೊಂಡಿದ್ದೀನಿ.

ವರದಿಗಾರ್ತಿ ಮತ್ತು ವಕೀಲೆ ಇಬ್ಬರೂ ಸೇರಿ ಬರೆದಂತಿರೋದು ‘ಕರಿ ನಾಗರಗಳು’. ‘ಹಸೀನಾ’ ಸಿನಿಮಾಕ್ಕೆ ಮೂಲ ಇದೇ, ಅದಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಮೂರೂ ಹೆಣ್ಣೇ ಹೆತ್ತಳು ಅಂತ ಗಂಡ ಬಿಟ್ಟ ಆಶ್ರಫ್ ಕಾಯಿಲೆಯ ಮಗು ಹೊತ್ತು ಮಸೀದಿಯ ಅಂಗಳದಲ್ಲಿ ಕೂತುಬಿಡ್ತಾಳೆ. ಮಸೀದಿಯ ಆಡಳಿತ ನೋಡೋ ಮುತವಲ್ಲಿ ನ್ಯಾಯವನ್ನ ಇವತ್ತು ನಾಳೆ ಅಂತ ಮುಂದೂಡ್ತಾ ಹೋಗ್ತಾನೆ. ತಾಲ್ಲೂಕು ಆಫೀಸಿಗೆ ಅಲೆದವರಿಗೆ ಈ ‘ನಾಳೆ ಬನ್ನಿ’ ಯಾವ ಧರ್ಮದ್ದೂ ಅಲ್ಲ ಅಂತ ಗೊತ್ತು. ಮಗು ಸಾಯುತ್ತೆ. ಬೀದಿಯ ಹೆಂಗಸರು ಬಾಯಿಗೆ ಬಂದಂತೆ ಶಾಪ ಹಾಕ್ತಾರೆ. ಇಲ್ಲಿಗೇ ನಿಲ್ಲಿಸಿದ್ದರೆ ಒಂದು ಒಳ್ಳೆ ಬಂಡಾಯದ ಕತೆ ಆಗ್ತಿತ್ತು. ಆದರೆ ಆಮೇಲೆ ಮುತವಲ್ಲಿಯ ಹೆಂಡತಿ ಅಮೀನಾ ಗಂಡನನ್ನ ಕೇಳದೇ ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳೋಕೆ ಹೊರಡ್ತಾಳೆ. ನ್ಯಾಯ ಆಶ್ರಫ್‌ಗೆ ಸಿಗಲಿಲ್ಲ, ಪಕ್ಕದ ಮನೆಯ ಬಾಗಿಲಿಂದ ಇನ್ನೊಬ್ಬಳ ಜೊತೆ ಸದ್ದಿಲ್ಲದೆ ಹೊರಟಿತು. ಈ ತಿರುವು ನೋಡಿ ನಾನು ಪುಸ್ತಕ ಮಡಚಿಟ್ಟು ಬಾಲ್ಕನಿಗೆ ಹೋಗಿ ನಿಂತಿದ್ದೆ.

ಇನ್ನೊಂದು ಸಂಗತಿ: ಈಕೆ ನಗಿಸ್ತಾರೆ. ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಹುಡುಗರ ಗಲಾಟೆ ತಾಳದೆ ರಜಿಯಾ ಗಂಡು ಹುಡುಗರಿಗೆಲ್ಲ ಮುಂಜಿ ಮಾಡಿಸೋಕೆ ಏರ್ಪಾಡು ಮಾಡೋ ಕೆಂಪು ಲುಂಗಿಯ ಕತೆ ಇದೆ. ಮನೆಯ ಹುಡುಗರಿಗೆ ಡಾಕ್ಟರು, ಬಡವರ ಹುಡುಗರಿಗೆ ಕತ್ತಿ ಮತ್ತು ಬೂದಿ. ವಾರದ ಮೇಲೆ ಯಾರ ಗಾಯ ಮಾಗಿದೆ, ಯಾರದ್ದು ಕೀವು ಹಿಡಿದಿದೆ ಅನ್ನೋದನ್ನ ಓದಿಯೇ ತಿಳಿಯಬೇಕು. ಗೋಬಿ ಮಂಚೂರಿಯ ಹುಚ್ಚು ಹಿಡಿದ ಅರೇಬಿಕ್ ಮೇಷ್ಟ್ರ ಕತೆ ಇದೆ. ಪೆಪ್ಸಿಯನ್ನ ಸ್ವರ್ಗದ ಪಾನೀಯ ಅಂತ ಮಕ್ಕಳು ಮುದುಕಿಗೆ ಕುಡಿಸೋ ಕತೆ ಇದೆ. ನನ್ನ ಪ್ರಕಾರ ಬಾನು ತಮ್ಮ ಶಕ್ತಿಯ ತುದಿಯಲ್ಲಿರೋದು ಇಲ್ಲೇ, ಶೋಕದ ಕತೆಗಳಲ್ಲಲ್ಲ. ನಗ್ತಾ ನಗ್ತಾ ಆ ಮೇಷ್ಟ್ರ ಹೆಂಡತಿಯ ಪಾಡು ಗೊತ್ತಾದಾಗ ನಗು ಗಂಟಲಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ.

ಇನ್ನು ತಕರಾರು. ಇದ್ದಾವೆ. ಕೆಲವು ಕತೆಗಳಲ್ಲಿ ಗಂಡಸರೆಲ್ಲ ಒಂದೇ ಅಚ್ಚು. ಓದುಗ ಗಂಡಸು ಅಂತ ನನಗೆ ಉರಿಯಿತು ಅಂತಲ್ಲ (ಸ್ವಲ್ಪ ಉರಿಯಿತು), ಕೇಡು ಮಾಡೋನ ಒಳಗೂ ಏನು ನಡೀತಿದೆ ಅಂತ ತಿಳಿಯದಿದ್ದರೆ ಕತೆಗೆ ಎದುರಾಳಿ ಇಲ್ಲದಂತಾಗುತ್ತೆ. ತಾಯಿ ಹೆಂಡತಿ ನಡುವೆ ಹರಿದುಹೋಗೋ ಯೂಸುಫ್ ತಾಯಿಗೇ ಮದುವೆ ಮಾಡಿಸೋಕೆ ಹೊರಡೋ ಕತೆಯಲ್ಲಿ ಅದು ಸಾಧ್ಯವಾಗಿದೆ, ಹಾಗಾಗಿಯೇ ಬೇರೆಡೆ ಕೊರತೆ ಎದ್ದು ಕಾಣುತ್ತೆ. ಎಲ್ಲರೂ ಹೊಗಳೋ ‘ಒಮ್ಮೆ ಹೆಣ್ಣಾಗು ಪ್ರಭುವೇ’ ನನಗೆ ಕತೆಗಿಂತ ಅರ್ಜಿಯ ಹಾಗೆ ಓದಿಸಿಕೊಂಡಿತು. ದೇವರ ಕೋರ್ಟಿಗೆ ಹಾಕಿದ ಅರ್ಜಿ. ವಾದ ಬಲವಾಗಿದೆ, ಆದರೆ ಅರ್ಜಿಯಲ್ಲಿ ಗೋಬಿ ಮಂಚೂರಿಗೆ ಜಾಗ ಇರಲ್ಲ ನೋಡಿ.

ದೀಪಾ ಭಾಸ್ತಿ ಮಡಿಕೇರಿಯವರು. ಹಣವೂ ಇಬ್ಬರಿಗೂ ಸಮ: ಐವತ್ತು ಸಾವಿರ ಪೌಂಡ್‌ನಲ್ಲಿ ಅರ್ಧರ್ಧ. 1990ರಿಂದ 2023ರವರೆಗಿನ ಕತೆಗಳಿಂದ ಹನ್ನೆರಡನ್ನ ಆರಿಸಿ, ಕನ್ನಡ ಉರ್ದು ಪದಗಳನ್ನ ಓರೆ ಅಕ್ಷರದಲ್ಲಿ ಹಾಕದೆ, ಅಡಿಟಿಪ್ಪಣಿ ಕೊಡದೆ ಹಾಗೇ ಬಿಟ್ಟಿದ್ದಾರೆ. ನನ್ನ ಗೆಳೆಯನಿಗೆ ಅದು ಮೊದಲು ಕಿರಿಕಿರಿ ಮಾಡಿತಂತೆ, ಆಮೇಲೆ ಒಗ್ಗಿತಂತೆ. ಕನ್ನಡದಲ್ಲಿ ಓದೋವಾಗ ನನಗೂ ಅಷ್ಟೇ ಆಗಿತ್ತು. ಆ ಕತೆಗಳ ಕನ್ನಡಕ್ಕೇ ಒಂದು ದಖ್ಖನಿ ಉಸಿರಿದೆ. ಅನುವಾದಕಿ ಅದನ್ನ ಇಂಗ್ಲಿಷಿಗೂ ದಾಟಿಸಿದ್ದಾರೆ, ಉಜ್ಜಿ ನುಣುಪು ಮಾಡಿಲ್ಲ.

ಸೆಪ್ಟೆಂಬರ್‌ನ ದಸರಾ ಉದ್ಘಾಟನೆಗೆ ಸರ್ಕಾರ ಬಾನು ಅವರನ್ನ ಕರೆದಾಗ ಏನಾಯಿತು ಅಂತ ನಿಮಗೆ ಗೊತ್ತು. 2023ರ ಜನ ಸಾಹಿತ್ಯ ಸಮ್ಮೇಳನದಲ್ಲಿ ಅವರು, ಕನ್ನಡವನ್ನ ಭುವನೇಶ್ವರಿಯನ್ನಾಗಿ ಮಾಡಿ ಕೂರಿಸಿದರೆ ನಾನೆಲ್ಲಿ ನಿಲ್ಲಲಿ ಅನ್ನೋ ಅರ್ಥದಲ್ಲಿ ಕೇಳಿದ್ದನ್ನ ಹುಡುಕಿ ತೆಗೆದರು. ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ಕಡೆ ಅರ್ಜಿ ಬಿದ್ದುಹೋದವು, ಸೆಪ್ಟೆಂಬರ್ 22ಕ್ಕೆ ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಆಯಿತು. ಆ ಪ್ರಶ್ನೆಗೆ ಭಕ್ತರು ನೊಂದುಕೊಂಡದ್ದು ನನಗೆ ಅರ್ಥವಾಗುತ್ತೆ, ನಮ್ಮಮ್ಮನೂ ನೊಂದುಕೊಂಡಳು. ಆದರೆ ಪ್ರಶ್ನೆ ಎಲ್ಲಿಂದ ಬಂತು ಅನ್ನೋದೂ ನನಗೆ ಗೊತ್ತು. ಆರು ತಿಂಗಳ ಷರತ್ತಿನಿಂದ ಬಂತು. ಆ ದಿನಗಳಲ್ಲಿ ಟೀವಿಯಲ್ಲಿ ಪರವಾಗಿಯೂ ವಿರೋಧವಾಗಿಯೂ ಕೂಗಿದವರಲ್ಲಿ ಒಬ್ಬರ ಬಾಯಲ್ಲೂ ಅವರ ಒಂದು ಕತೆಯ ಹೆಸರು ನಾನು ಕೇಳಲಿಲ್ಲ.

ದಸರಾ ರಜೆಗೆ ಊರಿಗೆ ಹೋದಾಗ ಪುಸ್ತಕ ಬ್ಯಾಗಿನಲ್ಲಿತ್ತು. ಅಮ್ಮನಿಗೆ ಕನ್ನಡ ಅಕ್ಷರ ಕೂಡಿಸಿ ಓದೋಕೆ ಬರುತ್ತೆ, ಕಣ್ಣು ಸಾಲದು. “ಅದೇ ಆಯಮ್ಮಂದಾ?” ಅಂದಳು. ಹೌದು ಅಂದೆ. ಬೇಡ ಅನ್ನಲಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸ್ತಾ ಕೂತಿದ್ದಳು, ನಾನೂ ಪಕ್ಕದಲ್ಲಿ ಕೂತು ಕಫನ್ ಕತೆಯನ್ನ ತೆಲುಗು ಮಾಡಿ ಹೇಳ್ತಾ ಹೋದೆ. ಹಜ್‌ಗೆ ಹೊರಟ ಶ್ರೀಮಂತ ಮನೆಯ ಶಾಜಿಯಾಳ ಹತ್ತಿರ ಬಡ ಯಾಸೀನ್ ಬುವಾ ತನಗೊಂದು ಕಫನ್ ಬಟ್ಟೆ ಜಮ್‌ಜಮ್ ನೀರಿನಲ್ಲಿ ಅದ್ದಿ ತರೋಕೆ ಕೇಳಿಕೊಂಡಿರ್ತಾಳೆ. ಶಾಜಿಯಾ ಅಲ್ಲಿನ ಅಂಗಡಿ ಬೀದಿಯಲ್ಲಿ ಅದನ್ನ ಮರೀತಾಳೆ. ಬುವಾ ಸಾಯ್ತಾಳೆ. ಬುವಾಳ ಮಗ ಕಫನ್ ಕೇಳಿಕೊಂಡು ಬಾಗಿಲಿಗೆ ಬರ್ತಾನೆ.

ಅಮ್ಮನ ಕೈ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಹೇಳಿದಳು: ನೀನು ಚಿಕ್ಕವನಿದ್ದಾಗ ತಿರುಪತಿಗೆ ಹೋಗಿದ್ದೆವಲ್ಲ, ಹಿಂದಿನ ಬೀದಿಯ ಅವ್ವ ಹುಂಡಿಗೆ ಹಾಕು ಅಂತ ಹನ್ನೊಂದು ರೂಪಾಯಿ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಳು. ನೂಕುನುಗ್ಗಲಲ್ಲಿ ಮರೆತೆ. ವಾಪಸ್ ಬಂದು ಹಾಕಿದೆ ಅಂತ ಹೇಳಿದೆ.

ಆ ಅವ್ವ ಈಗಿಲ್ಲ. ಗಂಟು ಎಲ್ಲಿದೆ ಅಂತ ಕೇಳಿದೆ. ಸೀರೆ ಪೆಟ್ಟಿಗೆಯ ತಳದಲ್ಲೇ ಇದೆ ಅಂದಳು. ಆಮೇಲೆ ಗೂಡು ಬಿಡಿಸ್ತಾ, ಆ ಶಾಜಿಯಾ ಕೊನೆಗೆ ಏನು ಮಾಡಿದಳು ಅಂತ ಎರಡು ಸಲ ಕೇಳಿದಳು.