ಪ್ರಾಚಾರ್ಯರ ತರಬೇತಿ ಮತ್ತು ಕಿಟಕಿಯ ಹೊರಗಿನ ಹುಡುಗ

ಕಾಲೇಜು ನಡೆಸುವವರಿಗೆ ಸಾಮಾಜಿಕ ನ್ಯಾಯದ ಬಗೆಗೆ ತರಬೇತಿ ಬೇಕೆಂಬ ಮಾತನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. 2023ರ ಸೆಪ್ಟೆಂಬರದಲ್ಲಿ ಕೇಂದ್ರ ಸರಕಾರವು ಮಾಲವೀಯ ಮಿಶನ್ ಎಂಬ ಹೆಸರಿನಲ್ಲಿ ಅಧ್ಯಾಪಕರ ತರಬೇತಿ ಯೋಜನೆಯನ್ನು ಆರಂಭಿಸಿತು. ಅದರ ವಿಷಯಗಳು ಎಂಟು. ಶೈಕ್ಷಣಿಕ ನಾಯಕತ್ವ ಮತ್ತು ಆಡಳಿತ ಎಂಬುದು ಅವುಗಳಲ್ಲೊಂದು. ವಿದ್ಯಾರ್ಥಿಗಳ ವೈವಿಧ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಎಂಬುದು ಇನ್ನೊಂದು. ಪಟ್ಟಿಯೇನೋ ಚೆನ್ನಾಗಿದೆ. ನಮ್ಮ ತಕರಾರು ಹುಟ್ಟುವುದೂ ಆ ಪಟ್ಟಿಯಲ್ಲಿಯೇ. ಆಡಳಿತ ಒಂದು ಪಾಠ, ನ್ಯಾಯ ಇನ್ನೊಂದು ಪಾಠ ಎಂದು ವಿಂಗಡಿಸಿದ ಮೇಲೆ, ಪ್ರಾಚಾರ್ಯನು ಎರಡನ್ನೂ ಕೇಳಿ ಬಂದರೂ ಅವೆರಡೂ ಕೂಡುವ ಜಾಗ ಯಾವುದೆಂದು ಅವನಿಗೆ ತಿಳಿಯುವುದಿಲ್ಲ. ಆ ಜಾಗ ಸಭಾಗೃಹವಲ್ಲ, ಕಚೇರಿಯ ಕಿಟಕಿ.

ನಮ್ಮ ಪರಿಚಯದ ಗೌಂಡಿಯೊಬ್ಬನಿದ್ದಾನೆ. ಯಾದಗಿರಿ ಕಡೆಯವನು, ಪುಣೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಮಗ ಹನ್ನೆರಡನೆಯ ಇಯತ್ತೆ ಪಾಸಾದಾಗ ಕಾಲೇಜಿಗೆ ಹೆಸರು ಹಚ್ಚಲು ನಾವೂ ಜೊತೆಗೆ ಹೋಗಿದ್ದೆವು. ಕಾರಕೂನರು ಜಾತಿ ಪ್ರಮಾಣಪತ್ರ ನೋಡಿ, ಇದು ಕರ್ನಾಟಕದ್ದು, ಇಲ್ಲಿ ಚಾಲಣಾರ ನಾಹೀ ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು. ಗೌಂಡಿ ನಮ್ಮ ಕಡೆ ತಿರುಗಿ, "ಇಂವ ಇಲ್ಲೇ ಹುಟ್ಯಾನ್ರೀ, ಮತ್ತ ಯಾವ ಊರಾಂವ ಅಂತ ಬರೀಲಿ?" ಎಂದ.

ಕಾರಕೂನರು ಹೇಳಿದ್ದು ಅರ್ಧ ಸರಿ. ಬಾಲ್ಯದಲ್ಲೇ ಆಂಧ್ರದಿಂದ ಮುಂಬಯಿಗೆ ಬಂದ ಪರಿಶಿಷ್ಟ ಪಂಗಡದ ಹುಡುಗನೊಬ್ಬನ ವೈದ್ಯಕೀಯ ಪ್ರವೇಶದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ತೀರ್ಪು ಕೊಟ್ಟಿತು: ಒಂದು ರಾಜ್ಯದ ಪಟ್ಟಿಯಲ್ಲಿರುವ ಸ್ಥಾನ ಇನ್ನೊಂದು ರಾಜ್ಯಕ್ಕೆ ವಲಸೆ ಹೋದವನ ಜೊತೆಗೆ ಬರುವುದಿಲ್ಲ. ಎರಡೂ ಪಟ್ಟಿಗಳಲ್ಲಿ ಅದೇ ಜಾತಿಯ ಹೆಸರಿದ್ದರೂ ಅಷ್ಟೇ. ಆದ್ದರಿಂದ ಪಾಷಾಣದಲ್ಲಿರುವ ಕೇಂದ್ರದ ಐಸರ್ ಸಂಸ್ಥೆಯಲ್ಲಿ ನಡೆಯುವ ಪ್ರಮಾಣಪತ್ರ ಅದೇ ಊರಿನ ರಾಜ್ಯದ ಕಾಲೇಜಿನಲ್ಲಿ ನಡೆಯದು. ಇದು ನ್ಯಾಯವೇ ಎಂಬುದು ಬೇರೆ ಚರ್ಚೆ. ಆದರೆ ಉಳಿದರ್ಧವೂ ಇದೆ. ತಂದೆಗೆ ಮೂಲ ರಾಜ್ಯದಲ್ಲಿ ಸಿಕ್ಕ ಪ್ರಮಾಣಪತ್ರದ ಆಧಾರದ ಮೇಲೆ ವಲಸೆ ಬಂದ ರಾಜ್ಯದ ಅಧಿಕಾರಿಯೇ ಮಕ್ಕಳಿಗೆ ಪ್ರಮಾಣಪತ್ರ ಕೊಡಬಹುದೆಂದು ಕೇಂದ್ರದ ಸೂಚನೆಯಿದೆ. ಇಲ್ಲಿಯ ರಾಜ್ಯದ ಮೀಸಲಾತಿಗೆ ಅದು ಬಾರದಿದ್ದರೂ ಮೂಲ ರಾಜ್ಯದ ಮತ್ತು ಕೇಂದ್ರದ ಸವಲತ್ತುಗಳಿಗೆ ಬರುತ್ತದೆ. ಈ ಮಾತನ್ನು ಕಿಟಕಿಯಲ್ಲಿ ಯಾರೂ ಹೇಳಲಿಲ್ಲ. ಪ್ರಾಚಾರ್ಯರು ಸಜ್ಜನರು, ಚಹಾ ತರಿಸಿದರು, ಅವರಿಗೂ ಗೊತ್ತಿರಲಿಲ್ಲ. ಅವರ ಬೆನ್ನ ಹಿಂದಿನ ಗೋಡೆಯ ಮೇಲೆ ತರಬೇತಿಯ ಪ್ರಶಸ್ತಿಪತ್ರ ಕಟ್ಟು ಹಾಕಿಸಿಕೊಂಡು ಕೂತಿತ್ತು.

ಇಂಥ ತರಬೇತಿ ಮುಗಿಸಿದ ಅಧ್ಯಾಪಕ ಮಿತ್ರರನ್ನು ಕೇಳಿದರೆ ಉಪನ್ಯಾಸ, ಪರದೆಯ ಮೇಲಿನ ಚಿತ್ರಪಟ, ಕೊನೆಗೊಂದು ಪ್ರಶ್ನಾವಳಿ ಎನ್ನುತ್ತಾರೆ. ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಊರಿನಲ್ಲಿ ಅವರ ಚಿತ್ರಕ್ಕೆ ಹಾರ ಹಾಕದೆ ಇಂಥ ಕಾರ್ಯಕ್ರಮ ಆರಂಭವಾಗುವುದಿಲ್ಲ. ಹಾರ ಹಾಕಲಿ, ಬೇಡವೆನ್ನುವುದಿಲ್ಲ.

ಇದಕ್ಕಿಂತ ಬೇರೆ ಬಗೆಯ ತರಬೇತಿ ಈ ನಾಡಿನಲ್ಲೇ ನಡೆದದ್ದುಂಟು. ಕರ್ಮವೀರ ಭಾವೂರಾವ ಪಾಟೀಲರು ಹುಟ್ಟಿದ್ದು 1887ರಲ್ಲಿ, ಕೊಲ್ಹಾಪುರದ ಕುಂಭೋಜದಲ್ಲಿ. ಮನೆತನದ ಮೂಲ ನಮ್ಮ ಮೂಡಬಿದಿರೆ ಎನ್ನುತ್ತಾರೆ. ಅವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡರು, ಎಲ್ಲರೂ ದುಡಿದರು. ಅಡಿಗೆಮನೆಗೆ ಕಾಳು ತೀರಿದಾಗ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನೂ ಮಂಗಲಸೂತ್ರವನ್ನೂ ಕೊಟ್ಟರು. 1935ರಲ್ಲಿ ಅದೇ ಊರಿನಲ್ಲಿ ಶಿಕ್ಷಕರ ತರಬೇತಿ ಕಾಲೇಜು ಬಂತು. 1947ರಲ್ಲಿ ಛತ್ರಪತಿ ಶಿವಾಜಿ ಕಾಲೇಜು. ಈ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ವಸತಿಗೃಹ, ಆಮೇಲೆ ಶಿಕ್ಷಕರ ತರಬೇತಿ, ಅದಾದ ಮೇಲೆ ಕಾಲೇಜು. ಬಡ ಹುಡುಗ ಏನು ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ಎಂಬುದನ್ನು ಕಂಡ ಸಂಸ್ಥೆ ಅದು. ಹೈಸ್ಕೂಲು ಮುಗಿಸದ ಆ ಮನುಷ್ಯನಿಗೆ ಪುಣೆ ವಿಶ್ವವಿದ್ಯಾಲಯವು 1959ರಲ್ಲಿ ಡಿ.ಲಿಟ್. ಕೊಟ್ಟಿತು, ಅದೇ ವರ್ಷ ಪುಣೆಯಲ್ಲಿಯೇ ಅವರು ತೀರಿಕೊಂಡರು.

ಅವರ ಹೆಸರಿನ 'ಗಳಿಸು, ಕಲಿ' ಯೋಜನೆ ವಿಶ್ವವಿದ್ಯಾಲಯದಲ್ಲಿ ಈಗಲೂ ಇದೆ. ಎಷ್ಟೋ ಮಕ್ಕಳಿಗೆ ಆಧಾರವಾಗಿದೆ. ಆದರೂ ಒಂದು ಮಾತು ಹೇಳಲೇಬೇಕು. ಸಾತಾರೆಯಲ್ಲಿ ಎಲ್ಲರೂ ದುಡಿಯುತ್ತಿದ್ದರು. ಈಗ ಬಡವನ ಮಗನೊಬ್ಬನೇ ಗ್ರಂಥಾಲಯದ ಧೂಳು ಒರೆಸುತ್ತಾನೆ, ಉಳ್ಳವರ ಮಗ ಅವನಿಂದ ಪುಸ್ತಕ ಇಸಿದುಕೊಂಡು ಹೋಗುತ್ತಾನೆ. ಕೆಲಸ ಉಳಿಯಿತು, ಸಮಾನತೆ ಜಾರಿತು. ಪ್ರಾಚಾರ್ಯರ ತರಬೇತಿಯಲ್ಲಿ ಚರ್ಚೆಯಾಗಬೇಕಾದದ್ದು ಇಂಥ ಸಂಗತಿ.

ವಿಶ್ವವಿದ್ಯಾಲಯ ಅನುದಾನ ಆಯೋಗದ 2012ರ ನಿಯಮಗಳು ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕವಿರಬೇಕು, ತಾರತಮ್ಯದ ದೂರು ಕೇಳುವ ಅಧಿಕಾರಿಯಿರಬೇಕು ಎಂದವು. 2026ರ ಜನವರಿಯಲ್ಲಿ ಹೊಸ ನಿಯಮಗಳು ಹೊರಟವು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಅವನ್ನು ತಡೆಹಿಡಿಯಿತು. ನಿಯಮದ ಬಗ್ಗೆ ಬೀದಿಯಲ್ಲಿ ಎಷ್ಟು ಗದ್ದಲವಾಯಿತೋ, ಅದನ್ನು ನಡೆಸುವವರಿಗೆ ಏನು ಕಲಿಸುತ್ತಾರೆಂಬುದರ ಬಗ್ಗೆ ಅದರ ಕಾಲು ಭಾಗವೂ ಮಾತು ಕೇಳಲಿಲ್ಲ. ನಮ್ಮ ಸೂಚನೆ ಸಣ್ಣದು. ತರಬೇತಿಗೆ ಬಂದ ಪ್ರಾಚಾರ್ಯರನ್ನು ಪ್ರವೇಶದ ದಿನಗಳಲ್ಲಿ, ತಮ್ಮದಲ್ಲದ ಕಾಲೇಜಿನ ಕಿಟಕಿಯ ಹೊರಗೆ, ಸಾಲಿನಲ್ಲಿ ಎರಡು ದಿನ ನಿಲ್ಲಿಸಬೇಕು. ಕಾರಕೂನರನ್ನೂ ತರಬೇತಿಗೆ ಕರೆಯಬೇಕು. ಪುಣೆಯ ಕನ್ನಡ ಸಂಘವೂ ಶಾಲೆ ಕಾಲೇಜು ನಡೆಸುತ್ತಿದೆ. ಈ ಮಾತು ನಮ್ಮ ಮನೆಗೂ ಸೇರಿದ್ದೇ.

ಗೌಂಡಿಯ ಮಗ ಪೂರ್ತಿ ಶುಲ್ಕ ಕಟ್ಟಿ ಬಿ.ಕಾಂ. ಸೇರಿದ, ಅಪ್ಪನ ಪ್ರಮಾಣಪತ್ರ ಊರಲ್ಲಿ ಅಣ್ಣನ ಮನೆಯ ಟ್ರಂಕಿನಲ್ಲಿತ್ತು. ನಿಮ್ಮದೂ ಹಾಗೆಯೇ ಊರಲ್ಲಿ ಉಳಿದಿದ್ದರೆ ಮುಂದಿನ ಹಬ್ಬಕ್ಕೆ ಹೋದಾಗ ಮರೆಯದೆ ತನ್ನಿ.