ನಕ್ಷೆಯ ಬಣ್ಣ ಮತ್ತು ಎಣಿಕೆಗೆ ಸಿಗದವರು

2020ರ ಲಾಕ್‌ಡೌನ್ ದಿನಗಳನ್ನು ನಾವು ಮರೆತಿಲ್ಲ. ಬೆಳಗಾದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಂದು ಎಷ್ಟು? ನಮ್ಮ ಜಿಲ್ಲೆಯಲ್ಲಿ ಎಷ್ಟು? ಉತ್ತರಕ್ಕಾಗಿ ಲಕ್ಷಾಂತರ ಮಂದಿ ತೆರೆಯುತ್ತಿದ್ದುದು ಸರಕಾರದ ಜಾಲತಾಣವನ್ನಲ್ಲ, 'ಕೋವಿಡ್19ಇಂಡಿಯಾ ಡಾಟ್ ಆರ್ಗ್' ಎಂಬ ಸ್ವಯಂಸೇವಕರ ತಾಣವನ್ನು. ಒಂದೇ ಕಚೇರಿಯಲ್ಲಿ ಕೂರದ, ಬೇರೆ ಬೇರೆ ಊರುಗಳಲ್ಲಿದ್ದವರು ಜೊತೆಗೂಡಿ ಬಿಡಿಸಿದ ದೇಶದ ನಕ್ಷೆ ಅದು.

ಅವರ ಕೆಲಸದ ಕ್ರಮ ಸರಳವಾಗಿತ್ತು. ರಾಜ್ಯಗಳ ದೈನಂದಿನ ಪ್ರಕಟಣೆಗಳನ್ನೂ ಅಧಿಕೃತ ಟ್ವಿಟರ್ ಖಾತೆಗಳನ್ನೂ ಸ್ವಯಂಸೇವಕರು ಗಮನಿಸುತ್ತಿದ್ದರು. ಎಲ್ಲರೂ ನೋಡಬಹುದಾದ ಒಂದು ಗೂಗಲ್ ಶೀಟ್‌ನಲ್ಲಿ ಅಂಕಿಗಳನ್ನು ತುಂಬುತ್ತಿದ್ದರು, ಪರಸ್ಪರ ತಾಳೆ ನೋಡುತ್ತಿದ್ದರು. ಅದರಿಂದ ತಂತ್ರಾಂಶವು ನಕ್ಷೆ ಮತ್ತು ರೇಖಾಚಿತ್ರಗಳನ್ನು ಮೂಡಿಸುತ್ತಿತ್ತು. ಅಂಕಿಗಳೂ ತಂತ್ರಾಂಶದ ಒಳಗುಟ್ಟೂ ಸಾರ್ವಜನಿಕರಿಗೆ ಮುಕ್ತವಾಗಿದ್ದವು. ಪತ್ರಿಕೆಗಳೂ ಸಂಶೋಧಕರೂ ಅದನ್ನೇ ನೆಚ್ಚಿಕೊಂಡರು. ಸಂಬಳವಿಲ್ಲದೆ ಇಷ್ಟು ಮಾಡಿದವರ ಶ್ರಮವನ್ನು ಮೆಚ್ಚದಿರಲು ಸಾಧ್ಯವಿಲ್ಲ.

ಆದರೆ ಮೆಚ್ಚುಗೆಯ ಜೊತೆಗೆ ಕೆಲವು ಪ್ರಶ್ನೆಗಳನ್ನೂ ಕೇಳಬೇಕಾಗಿದೆ. ನಕ್ಷೆಯಲ್ಲಿ ಒಂದು ರಾಜ್ಯ ತಿಳಿಬಣ್ಣದಲ್ಲಿದ್ದರೆ ಅದರ ಅರ್ಥವೇನು? ಅಲ್ಲಿ ರೋಗ ಕಡಿಮೆ ಎಂದೇ, ಪರೀಕ್ಷೆ ಕಡಿಮೆ ಎಂದೇ, ಅಥವಾ ಮಾಹಿತಿಯನ್ನೇ ಕೊಟ್ಟಿಲ್ಲವೆಂದೇ? 2020ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಮ್ಮ ರಾಜ್ಯಗಳ ಕೋವಿಡ್ ಮಾಹಿತಿಯ ಗುಣಮಟ್ಟವನ್ನು ಅಳೆದರು. ಸೊನ್ನೆಯಿಂದ ಒಂದರವರೆಗಿನ ಆ ಅಳತೆಯಲ್ಲಿ ಕರ್ನಾಟಕ 0.61 ಪಡೆದು ಮೊದಲ ಸ್ಥಾನದಲ್ಲಿತ್ತು. ಬಿಹಾರ ಮತ್ತು ಉತ್ತರ ಪ್ರದೇಶಕ್ಕೆ ಸಿಕ್ಕಿದ್ದು ಸೊನ್ನೆ. ಸೋಂಕಿತರಿಗೆ 'ಪಿ' ಸಂಖ್ಯೆ ಕೊಟ್ಟು, ಯಾರಿಂದ ಯಾರಿಗೆ ಹರಡಿತೆಂದು ಬರೆಯುತ್ತಿದ್ದ ನಮ್ಮ ರಾಜ್ಯದ ಪ್ರಕಟಣೆಯೂ, ಏನನ್ನೂ ಸರಿಯಾಗಿ ಹೇಳದ ರಾಜ್ಯದ ಪ್ರಕಟಣೆಯೂ ಒಂದೇ ನಕ್ಷೆಯೊಳಗೆ ಬಂದಾಗ ಎರಡಕ್ಕೂ ಒಂದೇ ಬೆಲೆ ಬಂತು. ಪ್ರಾಮಾಣಿಕವಾಗಿ ಲೆಕ್ಕ ಕೊಟ್ಟವನು ಕಪ್ಪಗೆ ಕಂಡ, ಕೊಡದವನು ಬೆಳ್ಳಗೆ ಉಳಿದ. ತಾಣದಲ್ಲಿ ಪರೀಕ್ಷೆಗಳ ಸಂಖ್ಯೆಯೂ ಇತ್ತು, ನಿಜ. ಆದರೆ ಗಾಬರಿಯಲ್ಲಿರುವ ಓದುಗನ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ ಅಲ್ಲವೇ?

ಇನ್ನೊಂದು ಅಪಾಯ ಅಂಕಿಯಲ್ಲಿಲ್ಲ, ಅದರ ತಲೆಬರಹದಲ್ಲಿದೆ. 2020ರ ಏಪ್ರಿಲ್‌ನಲ್ಲಿ ದೆಹಲಿ ಸರಕಾರದ ಪ್ರಕಟಣೆಯು ತಬ್ಲೀಗಿ ಜಮಾಅತ್‌ಗೆ ಸಂಬಂಧಿಸಿದ ಸೋಂಕಿತರನ್ನು ಪ್ರತ್ಯೇಕವಾಗಿ ತೋರಿಸಿತು. ದೆಹಲಿ ಅಲ್ಪಸಂಖ್ಯಾತರ ಆಯೋಗವು ಆಕ್ಷೇಪಿಸಿ ಪತ್ರ ಬರೆದ ಬಳಿಕ ಆ ಹೆಸರು ಬದಲಾಯಿತು. ಅಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಬೇರೆ ಯಾವ ಸಭೆಗೂ ಹಾಗೆ ಪ್ರತ್ಯೇಕ ಸಾಲು ಇರಲಿಲ್ಲ. ಒಂದು ಗುಂಪನ್ನು ಹುಡುಕಿ ಹುಡುಕಿ ಪರೀಕ್ಷಿಸಿದರೆ ಆ ಗುಂಪಿನಲ್ಲಿ ಹೆಚ್ಚು ಸೋಂಕಿತರು ಸಿಗುವುದು ಸಹಜ. ಇದನ್ನು ಯಾವ ರೇಖಾಚಿತ್ರವೂ ಹೇಳಲಿಲ್ಲ. ಒಂದು ಕಡೆ ಕೊಟ್ಟ ತಲೆಬರಹ ಪರದೆಯಿಂದ ಪರದೆಗೆ ದಾಟುವಾಗ ಅಂಕಿ ಸರಿಯೇ ಎಂದು ನೋಡುವವರು ಇರುತ್ತಾರೆ. ತಲೆಬರಹ ನ್ಯಾಯವೇ ಎಂದು ಕೇಳುವವರು ಯಾರು?

ಸತ್ತವರ ಲೆಕ್ಕ ಇನ್ನೂ ನೋವಿನದು. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾಗಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇಯಲ್ಲಿ ಅಂದಾಜಿಸಿತು. ಸರಕಾರದ ಲೆಕ್ಕದಲ್ಲಿದ್ದ ಕೋವಿಡ್ ಸಾವುಗಳು ಐದು ಲಕ್ಷಕ್ಕೂ ಕಡಿಮೆ. ಕೇಂದ್ರ ಸರಕಾರ ಆ ಅಂದಾಜನ್ನು ಒಪ್ಪಲಿಲ್ಲ. ಯಾವ ಸಂಖ್ಯೆಯನ್ನು ನಂಬಿದರೂ ಒಂದು ಮಾತು ಸ್ಪಷ್ಟ: ಆಸ್ಪತ್ರೆ ತಲುಪದೆ, ಪರೀಕ್ಷೆಯಾಗದೆ ಸತ್ತವನಿಗೆ ಆ ಗೂಗಲ್ ಶೀಟ್‌ನಲ್ಲಿ ಒಂದು ಸಾಲೂ ಸಿಗಲಿಲ್ಲ. ಅದು ಸ್ವಯಂಸೇವಕರ ತಪ್ಪಲ್ಲ. ಅವರು ಕೊಟ್ಟದ್ದನ್ನು ಕೂಡಿಸಿದರು, ಕೊಡದಿದ್ದುದನ್ನು ಎಲ್ಲಿಂದ ತರಬೇಕಿತ್ತು?

2021ರ ಅಕ್ಟೋಬರ್ 31ರಂದು ಆ ತಾಣ ತನ್ನ ಕೆಲಸ ನಿಲ್ಲಿಸಿತು. ಜನರು ತಂತಮ್ಮ ಬದುಕಿಗೆ ಮರಳಬೇಕಿತ್ತು. ಇಂಥ ಸಾಧನಗಳಿಗೆ ಇದು ಹೊಸತೇನಲ್ಲ. ಯಾರು ಬೇಕಾದರೂ ಅಂಕಿಗಳನ್ನು ಹಾಕಿ, ಚಿತ್ರ ಬಿಡಿಸಿ, ದೂರದವರೊಡನೆ ಚರ್ಚಿಸಲೆಂದು ಐಬಿಎಂ 2007ರಲ್ಲಿ ಆರಂಭಿಸಿದ್ದ 'ಮೆನಿ ಐಸ್' ಕೂಡ 2015ರಲ್ಲಿ ಮುಚ್ಚಿತು. ಒಂದು ಕಂಪೆನಿಯ ಇಚ್ಛೆಯ ಮೇಲೋ, ಕೆಲವರ ಬಿಡುವಿನ ಮೇಲೋ ನಿಂತದ್ದು ಎಷ್ಟು ಕಾಲ ನಿಂತೀತು?

ಮುಂದಿನ ಸಲ ಪರದೆಯ ಮೇಲೆ ಬಣ್ಣದ ನಕ್ಷೆ ಕಂಡಾಗ ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಎಣಿಸಿದವರು ಯಾರು? ಹೆಸರಿಟ್ಟವರು ಯಾರು? ಎಣಿಕೆಯಿಂದ ಹೊರಗುಳಿದವರು ಯಾರು? ಸಾವಿನ ಲೆಕ್ಕವಿಡುವುದು ಸರಕಾರದ ಹೊಣೆ. ಅದನ್ನು ಸ್ವಯಂಸೇವಕರ ಹೆಗಲಿಗೆ ಬಿಟ್ಟು ನಕ್ಷೆ ಚೆನ್ನಾಗಿದೆ ಎಂದು ಮೆಚ್ಚುವುದು, ಸತ್ತವರಿಗೆ ಮಾಡುವ ಅನ್ಯಾಯವೇ ಸರಿ.